ಗಾಳಿ ಒಂದೇ, ಅಂಕ ಎರಡು: ದೇಶದ ಪರಿಸರವನ್ನು ಅಳೆಯೋದು ಹೇಗೆ?

2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಒಂದು ಲಿಖಿತ ಉತ್ತರ ಕೊಟ್ಟಿತು. ಅದರ ಸಾರ ಇಷ್ಟು. ಗಾಳಿಯ ಗುಣಮಟ್ಟ ನೋಡಿ ದೇಶಗಳಿಗೆ ರ‍್ಯಾಂಕ್ ಕೊಡುವ ಜಾಗತಿಕ ಪಟ್ಟಿಗಳನ್ನು ಯಾವ ಅಧಿಕೃತ ಪ್ರಾಧಿಕಾರವೂ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು ಬರೀ ಮಾರ್ಗಸೂಚಿ, ಅವನ್ನು ಪಾಲಿಸಲೇಬೇಕು ಅಂತೇನಿಲ್ಲ. ಪ್ರತಿ ದೇಶವೂ ತನ್ನ ಭೂಗೋಳ, ಹವೆ, ಆರ್ಥಿಕ ಸ್ಥಿತಿ ನೋಡಿಕೊಂಡು ತನ್ನ ಮಾನದಂಡ ಇಟ್ಟುಕೊಳ್ಳುತ್ತದೆ.

ಅದೇ ದಿನಗಳಲ್ಲಿ ದೆಹಲಿ ಹೊಗೆಯಲ್ಲಿ ಮುಳುಗಿತ್ತು. ಹಾಗಾಗಿ ಜಗಳ ಜೋರಾಗಿಯೇ ನಡೆಯಿತು. ಸರ್ಕಾರ ಸತ್ಯ ಮುಚ್ಚಿಡುತ್ತಿದೆ ಅಂತ ಕೆಲವರು ಅಂದರು. ವಿದೇಶಿ ಪಟ್ಟಿಗಳೆಲ್ಲ ಭಾರತವನ್ನು ಕೆಳಗಿಳಿಸುವ ಆಟ ಅಂತ ಉಳಿದವರು ಅಂದರು. ನಡುವೆ ಸಾಮಾನ್ಯ ಓದುಗರಿಗೆ ಗೊಂದಲ. ಒಂದು ಆ್ಯಪ್ 100 ಅನ್ನುತ್ತದೆ, ಇನ್ನೊಂದು 154 ಅನ್ನುತ್ತದೆ. ಒಂದು ಪಟ್ಟಿಯಲ್ಲಿ ನಾವು ಕೊನೆಯವರು, ಇನ್ನೊಂದರಲ್ಲಿ ಅತಿ ಮಲಿನ ದೇಶಗಳ ಸಾಲಿನಲ್ಲಿ ಐದನೆಯವರು. ಯಾವುದನ್ನು ನಂಬೋದು?

ಇದಕ್ಕೆ ಉತ್ತರ ಬೇಕಾದರೆ ರ‍್ಯಾಂಕ್‌ನ ಹಿಂದಿರುವ ಲೆಕ್ಕ ನೋಡಬೇಕು. ಅದು ಅಷ್ಟೇನೂ ಕಷ್ಟದ ಲೆಕ್ಕವಲ್ಲ.

ಒಂದೇ ಗಾಳಿಗೆ ಎರಡು ಅಂಕ

ಮೊದಲು ಎಲ್ಲರ ಫೋನಿನಲ್ಲೂ ಕಾಣುವ ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ. ಇದು ನೇರವಾಗಿ ಅಳೆದ ಸಂಖ್ಯೆ ಅಲ್ಲ. ಯಂತ್ರ ಅಳೆಯುವುದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ದೂಳಿನ ಕಣ ಅಥವಾ ಅನಿಲ ಇದೆ ಎಂಬುದನ್ನು. ಆ ಅಳತೆಯನ್ನು ಜನರಿಗೆ ಸುಲಭವಾಗಿ ಅರ್ಥವಾಗಲಿ ಅಂತ 0ಯಿಂದ 500ರ ಒಂದು ಪಟ್ಟಿಗೆ ಇಳಿಸುತ್ತಾರೆ. ಹೇಗೆ ಇಳಿಸಬೇಕು ಎಂಬುದನ್ನು ಪ್ರತಿ ದೇಶವೂ ತಾನೇ ನಿರ್ಧರಿಸುತ್ತದೆ.

ಪಿಎಂ2.5 ತೆಗೆದುಕೊಳ್ಳಿ. ಇವು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ಮೂಗು, ಗಂಟಲು ತಡೆಯಲಾರವು. ಶ್ವಾಸಕೋಶದ ಆಳಕ್ಕೆ ಹೋಗಿ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಒಂದು ಊರಿನಲ್ಲಿ ಇವತ್ತು 24 ಗಂಟೆಯ ಸರಾಸರಿ ಪಿಎಂ2.5 ಸರಿಯಾಗಿ 60 ಮೈಕ್ರೋಗ್ರಾಂ ಇದೆ ಅಂದುಕೊಳ್ಳೋಣ. ಭಾರತದ ಪಟ್ಟಿಯಲ್ಲಿ ಅದು ಎಕ್ಯೂಐ 100. ಹಸಿರು ಬಣ್ಣ, 'ತೃಪ್ತಿಕರ'. ಅದೇ 60 ಮೈಕ್ರೋಗ್ರಾಂ ಅಮೆರಿಕದ ಪಟ್ಟಿಯಲ್ಲಿ ಸುಮಾರು 154. ಕೆಂಪು ಬಣ್ಣ, 'ಅನಾರೋಗ್ಯಕರ'. ಗಾಳಿ ಬದಲಾಗಿಲ್ಲ. ಯಂತ್ರವೂ ಸುಳ್ಳು ಹೇಳಿಲ್ಲ. ಖಾಸಗಿ ಆ್ಯಪ್‌ಗಳಲ್ಲಿ ಅನೇಕವು ಅಮೆರಿಕದ ಪಟ್ಟಿ ಬಳಸುತ್ತವೆ. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ನಮ್ಮ ಪಟ್ಟಿ ಬಳಸುತ್ತದೆ. ಅರ್ಧ ಗೊಂದಲ ಇಲ್ಲಿಗೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಎರಡು ಕಾರಣಗಳಿವೆ. ನಮ್ಮ ಅಧಿಕೃತ ಅಂಕ ಕಳೆದ 24 ಗಂಟೆಯ ಸರಾಸರಿ. ಆ್ಯಪ್‌ಗಳು ಆ ಗಳಿಗೆಯ ಲೆಕ್ಕ ತೋರಿಸುವುದು ಜಾಸ್ತಿ. ಚಳಿಗಾಲದ ಬೆಳಗಿನ ಜಾವ ಹೊಗೆ ನೆಲಕ್ಕೆ ಒತ್ತಿಕೊಂಡಿರುವಾಗ ಎರಡಕ್ಕೂ ಅಜಗಜಾಂತರ. ಇನ್ನೊಂದು, ನಮ್ಮ ಪಟ್ಟಿ 500ಕ್ಕೆ ನಿಲ್ಲುತ್ತದೆ. ಗಾಳಿ ಅದಕ್ಕಿಂತ ಕೆಟ್ಟರೂ ಅಂಕ ಏರುವುದಿಲ್ಲ. 2024ರ ನವೆಂಬರ್ 18ರಂದು ದೆಹಲಿಯ ಅಧಿಕೃತ ಎಕ್ಯೂಐ 490 ದಾಟಿತ್ತು, ಖಾಸಗಿ ಆ್ಯಪ್‌ಗಳಲ್ಲಿ ಸಾವಿರ ದಾಟಿದ್ದ ಅಂಕಗಳು ಓಡಾಡುತ್ತಿದ್ದವು. ಆ ಮಟ್ಟದಲ್ಲಿ ಇವೆರಡರ ನಡುವೆ ಯಾವುದು ಸರಿ ಅಂತ ವಾದಿಸೋದೇ ವಿಚಿತ್ರ. ಎರಡರ ಪ್ರಕಾರವೂ ಹೊರಗೆ ಹೋಗುವ ಹಾಗಿರಲಿಲ್ಲ.

ಆದ್ದರಿಂದ ಎರಡು ಊರುಗಳನ್ನು, ಎರಡು ದೇಶಗಳನ್ನು ಹೋಲಿಸುವಾಗ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಕೇಳಬೇಕು. ಮೈಕ್ರೋಗ್ರಾಂಗೆ ದೇಶವಿಲ್ಲ.

ಗೆರೆ ಎಲ್ಲಿ ಎಳೆಯಬೇಕು?

ಮೈಕ್ರೋಗ್ರಾಂ ಗೊತ್ತಾಯಿತು ಅನ್ನಿ. ಎಷ್ಟಾದರೆ ಜಾಸ್ತಿ? ಇಲ್ಲಿಂದ ವಿಜ್ಞಾನದ ಜೊತೆ ರಾಜಕೀಯವೂ ಸೇರಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪಿಎಂ2.5ರ ವಾರ್ಷಿಕ ಸರಾಸರಿ 10 ಮೈಕ್ರೋಗ್ರಾಂ ಮೀರಬಾರದು ಅಂದಿತ್ತು. 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ನಡುವಿನ ವರ್ಷಗಳ ಅಧ್ಯಯನಗಳಲ್ಲಿ ತೀರಾ ಕಡಿಮೆ ಮಟ್ಟದಲ್ಲೂ ಹೃದಯ, ಶ್ವಾಸಕೋಶದ ಕಾಯಿಲೆ ಹೆಚ್ಚುವುದು ಕಂಡುಬಂದಿದ್ದೇ ಇದಕ್ಕೆ ಕಾರಣ. ಅಮೆರಿಕ 2024ರಲ್ಲಿ ತನ್ನ ಮಿತಿಯನ್ನು 12ರಿಂದ 9ಕ್ಕೆ ಇಳಿಸಿತು. ಭಾರತದ ಮಿತಿ 40. ಇದು 2009ರಲ್ಲಿ ನಿಗದಿಯಾದದ್ದು.

ಸರ್ಕಾರದ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಥಾರ್ ಮರುಭೂಮಿಯ ದೂಳು ಉತ್ತರ ಭಾರತಕ್ಕೆ ಬೀಸುತ್ತದೆ. ಗಂಗಾ ಬಯಲಿನ ಉತ್ತರಕ್ಕೆ ಹಿಮಾಲಯದ ಗೋಡೆ ಇದೆ, ಚಳಿಗಾಲದಲ್ಲಿ ಗಾಳಿ ಅಲ್ಲಾಡುವುದಿಲ್ಲ. ಇಂಥ ಕಡೆ 5 ಮೈಕ್ರೋಗ್ರಾಂ ತಲುಪುವುದು ಕಾರ್ಖಾನೆ, ವಾಹನ ಎಲ್ಲ ನಿಲ್ಲಿಸಿದರೂ ಅನುಮಾನ. ಮಾರ್ಗಸೂಚಿಗೆ ಕಾನೂನಿನ ಬಲ ಇಲ್ಲ ಎಂಬುದೂ ನಿಜವೇ.

ಆದರೆ ಈ ಕಷ್ಟ ಆರೋಗ್ಯ ಸಂಸ್ಥೆಗೂ ಗೊತ್ತಿತ್ತು. ಅದಕ್ಕೇ 5ಕ್ಕೆ ಒಂದೇ ಸಲ ಇಳಿಯಲಾಗದ ದೇಶಗಳಿಗೆ ಮೆಟ್ಟಿಲು ಕಟ್ಟಿಕೊಟ್ಟಿದೆ: ಮೊದಲು 35, ಆಮೇಲೆ 25, 15, 10. ನಮ್ಮ 40 ಆ ಮೊದಲ ಮೆಟ್ಟಿಲಿಗೂ ಬಂದಿಲ್ಲ. ಭೂಗೋಳದ ನೆಪ 5ಕ್ಕೆ ಒಪ್ಪುತ್ತದೆ, 35ಕ್ಕೆ ಒಪ್ಪುವುದಿಲ್ಲ.

ಗೆರೆ ಎಲ್ಲಿದೆ ಎಂಬುದು ಬರೀ ಕಾಗದದ ಮಾತಲ್ಲ. ಬೆಂಗಳೂರಿನ ಪಿಎಂ2.5ರ ವಾರ್ಷಿಕ ಸರಾಸರಿ 30ರ ಆಸುಪಾಸು ಇರುತ್ತದೆ. ರಾಷ್ಟ್ರೀಯ ಗೆರೆಯ ಪ್ರಕಾರ ಪಾಸು. ಆರೋಗ್ಯ ಸಂಸ್ಥೆಯ ಗೆರೆಯ ಪ್ರಕಾರ ಆರು ಪಟ್ಟು ಜಾಸ್ತಿ. ಯಾವ ಗೆರೆ ಹಿಡಿದುಕೊಂಡಿದ್ದೀರಿ ಎಂಬುದರ ಮೇಲೆ ಅದೇ ನಗರ 'ಸಮಸ್ಯೆ ಇಲ್ಲ' ಎಂಬ ಕಡತಕ್ಕೂ ಹೋಗಬಹುದು, 'ತುರ್ತು' ಎಂಬ ಕಡತಕ್ಕೂ ಹೋಗಬಹುದು.

180 ದೇಶಗಳಲ್ಲಿ 180ನೆಯದು

ಗಾಳಿ ಒಂದನ್ನೇ ಅಳೆಯೋದು ಇಷ್ಟು ತಲೆನೋವಾದರೆ ಇಡೀ ಪರಿಸರವನ್ನು ಒಂದೇ ಸಂಖ್ಯೆಗೆ ಇಳಿಸೋದು ಇನ್ನೂ ದೊಡ್ಡ ಸಾಹಸ. ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಎರಡು ವರ್ಷಕ್ಕೊಮ್ಮೆ ಹೊರತರುವ ಪರಿಸರ ಸಾಧನೆ ಸೂಚ್ಯಂಕ, ಅಂದರೆ ಇಪಿಐ, ಮಾಡುವುದು ಇದನ್ನೇ. 2022ರಲ್ಲಿ ಈ ಪಟ್ಟಿಯಲ್ಲಿ 180 ದೇಶಗಳಿದ್ದವು. ಭಾರತ 18.9 ಅಂಕದೊಂದಿಗೆ 180ನೆಯದು. ಡೆನ್ಮಾರ್ಕ್ 77.9 ಅಂಕದೊಂದಿಗೆ ಮೊದಲನೆಯದು.

ಕೆಲವೇ ದಿನಗಳಲ್ಲಿ ಪರಿಸರ ಸಚಿವಾಲಯ ಇದನ್ನು ಅವೈಜ್ಞಾನಿಕ ಅಂತ ತಿರಸ್ಕರಿಸಿತು ಎಂಬಷ್ಟೇ ಸುದ್ದಿಯಾಯಿತು. ಅದು ಕೊಟ್ಟ ಕಾರಣಗಳನ್ನು ಬಹಳ ಜನ ಓದಲಿಲ್ಲ. ಓದಬೇಕಿತ್ತು.

2022ರ ಸೂಚ್ಯಂಕದಲ್ಲಿ 40 ಸೂಚಕಗಳಿದ್ದವು. ಅವು ಮೂರು ಗುಂಪು: ಹವಾಮಾನ ಬದಲಾವಣೆಗೆ 38%, ಕಾಡು, ಜೀವವೈವಿಧ್ಯ, ಮೀನುಗಾರಿಕೆ ಇತ್ಯಾದಿ ಸೇರಿದ ಪರಿಸರ ವ್ಯವಸ್ಥೆಗೆ 42%, ಗಾಳಿ, ನೀರು, ಸೀಸ, ಕಸ ಸೇರಿದ ಪರಿಸರ ಆರೋಗ್ಯಕ್ಕೆ 20%. ಶಾಲೆಯ ಪರೀಕ್ಷೆಯ ಹಾಗೆ ನೋಡಿ. ಹುಡುಗಿ ಅದೇ, ಉತ್ತರ ಪತ್ರಿಕೆಯೂ ಅದೇ. ಆದರೆ ಗಣಿತಕ್ಕೆ 100ರ ಬದಲು 300 ಅಂಕ ಇಟ್ಟು, ಕನ್ನಡವನ್ನು 50ಕ್ಕೆ ಇಳಿಸಿದರೆ ತರಗತಿಯ ಸಾಲು ತಲೆಕೆಳಗಾಗುತ್ತದೆ. ಆ ವರ್ಷ ಆಗಿದ್ದು ಬಹುಪಾಲು ಇದೇ.

'2050ರಲ್ಲಿ ದೇಶ ಎಷ್ಟು ಹಸಿರುಮನೆ ಅನಿಲ ಬಿಡಬಹುದು' ಎಂಬ ಒಂದೇ ಒಂದು ಸೂಚಕಕ್ಕೆ ಒಟ್ಟು ಅಂಕದ ಸುಮಾರು 14% ಪಾಲು ಸಿಕ್ಕಿತು. ಅದನ್ನು ಲೆಕ್ಕ ಹಾಕಿದ ರೀತಿ ಸರಳ. ಕಳೆದ ಹತ್ತು ವರ್ಷದಲ್ಲಿ ಅನಿಲ ಏರಿದೆಯೋ ಇಳಿದಿದೆಯೋ ನೋಡಿ, ಅದೇ ಗೆರೆಯನ್ನು 2050ರ ತನಕ ಎಳೆಯುವುದು. ಡೆನ್ಮಾರ್ಕ್, ಬ್ರಿಟನ್‌ನಂಥ ದೇಶಗಳು ಕಲ್ಲಿದ್ದಲು ಸುಟ್ಟು ಶ್ರೀಮಂತವಾಗಿ, ಈಗ ಇಳಿಜಾರಿನಲ್ಲಿವೆ. ಅವುಗಳ ಗೆರೆ ಸೊನ್ನೆಯ ಕಡೆ ಹೋಗುತ್ತದೆ. ಭಾರತ ಈಗಷ್ಟೇ ಮನೆಮನೆಗೆ ವಿದ್ಯುತ್ ಮುಟ್ಟಿಸಿ, ಕಾರ್ಖಾನೆ ಕಟ್ಟುತ್ತಿದೆ. ನಮ್ಮ ಗೆರೆ ಮೇಲಕ್ಕೆ ಹೋಗುತ್ತದೆ. ಸೌರ, ಗಾಳಿ ವಿದ್ಯುತ್ತು ಮುಂದೆ ಎಷ್ಟು ಬೆಳೆಯಬಹುದು ಎಂಬುದು ಆ ಗೆರೆಯಲ್ಲಿ ಇಲ್ಲ. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕನ್ನನದು ಸುಮಾರು 14 ಟನ್. ಈ ತಲಾ ಲೆಕ್ಕಕ್ಕೆ ಸೂಚ್ಯಂಕ ಕೊಟ್ಟ ತೂಕ ತೀರಾ ಸಣ್ಣದು. ಇನ್ನೂ ಒಂದು ವಿಷಯವಿದೆ. ಶ್ರೀಮಂತ ದೇಶದ ಮನೆಯ ಟಿವಿ, ಬಟ್ಟೆ, ಉಕ್ಕು ಏಷ್ಯಾದ ಯಾವುದೋ ಕಾರ್ಖಾನೆಯಲ್ಲಿ ತಯಾರಾದರೆ ಅದರ ಹೊಗೆ ಆ ಕಾರ್ಖಾನೆ ಇರುವ ದೇಶದ ಖಾತೆಗೆ ಹೋಗುತ್ತದೆ.

ಸೂಚ್ಯಂಕ ಮಾಡಿದವರ ವಾದವೂ ಇದೆ. ವಾತಾವರಣಕ್ಕೆ ತಲಾ ಲೆಕ್ಕ ಗೊತ್ತಿಲ್ಲ, ಒಟ್ಟು ಎಷ್ಟು ಬಿದ್ದಿತು ಎಂಬುದಷ್ಟೇ ಮುಖ್ಯ. ಈಗಿನ ದಾರಿಯಲ್ಲೇ ಹೋದರೆ 2050ರಲ್ಲಿ ಉಳಿಯುವ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ, ಭಾರತ, ಅಮೆರಿಕ, ರಷ್ಯಾ ಈ ನಾಲ್ಕರಿಂದಲೇ ಬರುತ್ತದೆ ಎಂಬುದು ಅವರ ಅಂದಾಜು. ಸರ್ಕಾರಗಳು ಕೊಡುವ ಭರವಸೆ ನಂಬಿ ಅಂಕ ಕೊಡಲಾಗದು, ಆದದ್ದನ್ನೇ ನೋಡಬೇಕು ಎಂಬ ನಿಲುವು ಅದು. ಅದೂ ತಪ್ಪಲ್ಲ. ಆದರೆ ಅದು ಹವಾಮಾನದ ಪ್ರಶ್ನೆ. ಅದನ್ನೂ ಮೂಗಿಗೆ ಬರುವ ದೂಳನ್ನೂ ಒಂದೇ ಪಾತ್ರೆಗೆ ಸುರಿದರೆ ಯಾವುದರ ರುಚಿಯೂ ತಿಳಿಯುವುದಿಲ್ಲ.

ಪಟ್ಟಿ ಎಷ್ಟು ಜಾರುತ್ತದೆ ನೋಡಿ. 2020ರಲ್ಲಿ ಅಫ್ಗಾನಿಸ್ತಾನ 178ನೇ ಸ್ಥಾನದಲ್ಲಿತ್ತು. 2022ರಲ್ಲಿ 81ಕ್ಕೆ ಜಿಗಿಯಿತು. ಆ ಎರಡು ವರ್ಷದಲ್ಲಿ ಕಾಬೂಲಿನ ಗಾಳಿ ತಿಳಿಯಾಗಲಿಲ್ಲ. ಸೂಚಕ, ತೂಕ ಬದಲಾದವು ಅಷ್ಟೇ. ಭಾರತ 2020ರಲ್ಲಿ 27.6 ಅಂಕ ಪಡೆದು 168ನೇ ಸ್ಥಾನದಲ್ಲಿತ್ತು. 2024ರಲ್ಲಿ ಮತ್ತೆ ಅದೇ 27.6 ಅಂಕ, ಆದರೆ ಸ್ಥಾನ 176. ಈ ನಡುವೆ ಸೂಚಕಗಳು 58ಕ್ಕೆ ಏರಿದ್ದವು. ಒಂದು ವರ್ಷದ ಪಟ್ಟಿಯನ್ನು ಇನ್ನೊಂದು ವರ್ಷದ ಪಕ್ಕ ಇಟ್ಟು 'ಏರಿದೆವು', 'ಇಳಿದೆವು' ಅಂತ ಶೀರ್ಷಿಕೆ ಬರೆಯುವ ಪತ್ರಿಕೆಗಳು ಇದನ್ನು ಗಮನಿಸುವುದೇ ಇಲ್ಲ.

ಹಾಗಾದರೆ ಸಚಿವಾಲಯದ ವಾದ ಗೆದ್ದಿತೇ? ಪೂರ್ತಿ ಇಲ್ಲ. ಹವಾಮಾನದ ಆ ಗುಂಪನ್ನು ಪೂರಾ ತೆಗೆದುಹಾಕಿ ಬರೀ ಗಾಳಿಯ ಕಾಲಂ ನೋಡಿದರೂ ಭಾರತ ತಳದಲ್ಲೇ ಇತ್ತು. ತೂಕ ಸರಿಯಿಲ್ಲ ಅಂದ ಮಾತ್ರಕ್ಕೆ ತೂಗಿದ ವಸ್ತು ಚೆನ್ನಾಗಿದೆ ಅಂತ ಆಗುವುದಿಲ್ಲ, ಅಲ್ವಾ? ಐಕ್ಯೂಏರ್ ಎಂಬ ಸ್ವಿಸ್ ಕಂಪನಿಯ 2024ರ ವರದಿಯಲ್ಲಿ ತೂಕದ ಗೊಡವೆಯೇ ಇಲ್ಲ, ಪಿಎಂ2.5 ಒಂದೇ. ಅದರಲ್ಲಿ ಭಾರತದ ಸರಾಸರಿ 50.6 ಮೈಕ್ರೋಗ್ರಾಂ, ಜಗತ್ತಿನ ಅತಿ ಮಲಿನ ದೇಶಗಳಲ್ಲಿ ಐದನೇ ಸ್ಥಾನ. ಆ ಕಂಪನಿ ಗಾಳಿ ಶುದ್ಧೀಕರಿಸುವ ಯಂತ್ರ ಮಾರುತ್ತದೆ ಎಂಬ ಆಕ್ಷೇಪ ಇದೆ, ಅದನ್ನೂ ನೆನಪಿಡಬೇಕು. ಆದರೂ ಆ 50.6 ನಮ್ಮದೇ 40ರ ಗೆರೆಯ ಮೇಲಿದೆ. ವಿದೇಶಿ ಗೆರೆ ಬೇಕಾಗಿಯೇ ಇಲ್ಲ.

ಯಂತ್ರ ಇಲ್ಲದ ಊರು

ಐಕ್ಯೂಏರ್‌ನ ಅದೇ ವರದಿಯಲ್ಲಿ ಜಗತ್ತಿನ ಅತಿ ಮಲಿನ ಊರು ಅಂತ ಬಂದದ್ದು ದೆಹಲಿಯಲ್ಲ. ಅಸ್ಸಾಂ, ಮೇಘಾಲಯದ ಗಡಿಯಲ್ಲಿರುವ ಬರ್ನಿಹಾಟ್ ಎಂಬ ಸಣ್ಣ ಕೈಗಾರಿಕಾ ಪಟ್ಟಣ. ಅಲ್ಲಿ ಯಂತ್ರ ಇಟ್ಟಿರದಿದ್ದರೆ ಆ ಊರಿನ ಹೆಸರೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೇಶದಲ್ಲಿ ಸುಮಾರು 4,000 ನಗರ, ಪಟ್ಟಣಗಳಿವೆ. ದಿನವಿಡೀ ತಾನಾಗಿಯೇ ಅಳೆಯುವ ಕೇಂದ್ರಗಳಿರುವುದು ಅವುಗಳಲ್ಲಿ ಸುಮಾರು 300ರಲ್ಲಿ. ಉಳಿದ ಕೆಲವು ಊರುಗಳಲ್ಲಿ ಸಿಬ್ಬಂದಿ ಹೋಗಿ ಫಿಲ್ಟರ್ ಕಾಗದ ಬದಲಿಸಿ ತೂಗುವ ಹಳೆಯ ವಿಧಾನ ಇದೆ. ಅದು ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ. ಹಬ್ಬದ ರಾತ್ರಿಯ ಪಟಾಕಿ, ಕಸದ ರಾಶಿಗೆ ಬಿದ್ದ ಬೆಂಕಿ ಬೇರೆ ದಿನ ಬಂದರೆ ದಾಖಲೆಯಲ್ಲಿ ಇಲ್ಲವೇ ಇಲ್ಲ. ದೆಹಲಿಯಲ್ಲಿ 40ರಷ್ಟು ಸ್ವಯಂಚಾಲಿತ ಕೇಂದ್ರಗಳಿವೆ. ಹರಡುತ್ತಲೇ ಇರುವ ಬೆಂಗಳೂರಿನಲ್ಲಿ ಅದರ ಅರ್ಧವೂ ಇಲ್ಲ.

ಇದರಿಂದ ಒಂದು ವಿಚಿತ್ರ ಲೆಕ್ಕ ಹುಟ್ಟುತ್ತದೆ. ಯಂತ್ರ ಹಾಕಿದ ಊರು ಪಟ್ಟಿಯಲ್ಲಿ ಬಂದು ಬೈಸಿಕೊಳ್ಳುತ್ತದೆ. ಹಾಕದ ಊರು ಆರಾಮಾಗಿ ಇರುತ್ತದೆ. ಹಾಗಾಗಿ ಯಂತ್ರ ಹಾಕಿಸಲು ಉತ್ಸಾಹ ತೋರುವ ನಗರಪಾಲಿಕೆ ಸಿಗುವುದು ಅಪರೂಪ.

ಹಳ್ಳಿಗಳ ಕಥೆ ಬೇರೆಯೇ. ಸೌದೆ ಒಲೆಯ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವ ಹೆಂಗಸಿನ ಮೂಗಿಗೆ ಹೋಗುವ ಹೊಗೆ ಯಾವ ಎಕ್ಯೂಐನಲ್ಲೂ ಸೇರಿಲ್ಲ. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಮನೆಗೆ ಬಂದಿದೆ, ಆದರೆ ಎರಡನೇ ಸಿಲಿಂಡರ್ ತುಂಬಿಸುವ ದುಡ್ಡಿಲ್ಲದ ಕಡೆ ಒಲೆ ಇನ್ನೂ ಉರಿಯುತ್ತಿದೆ. ನಾವು ಎಷ್ಟೇ ಬೈದುಕೊಂಡರೂ ಇಪಿಐ ಈ ಒಲೆಯ ಹೊಗೆಯನ್ನು ಒಂದು ಸೂಚಕವಾಗಿ ಇಟ್ಟಿದೆ. ನಮ್ಮ ನಗರಗಳ ಪಟ್ಟಿ ಇಟ್ಟಿಲ್ಲ.

ಅಳತೆ ಹೇಗೋ ಖರ್ಚು ಹಾಗೆ

ವಿದೇಶಿ ಸೂಚ್ಯಂಕದ ತೂಕ ತಪ್ಪು ಅನ್ನುವ ನಾವು ನಮ್ಮದೇ ಸೂಚ್ಯಂಕದಲ್ಲಿ ಏನು ಮಾಡಿದ್ದೇವೆ? ಈ ಪ್ರಶ್ನೆ ಸಂಸತ್ತಿನ ಚರ್ಚೆಯಲ್ಲಿ ಬರುವುದೇ ಇಲ್ಲ. ಹಣ ಹರಿಯುವುದು ಇಪಿಐ ನೋಡಿಕೊಂಡಲ್ಲ, ನಮ್ಮ ಅಳತೆ ನೋಡಿಕೊಂಡು. ಆದ್ದರಿಂದ ಇದೇ ಮುಖ್ಯ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರ ಜನವರಿಯಲ್ಲಿ ಶುರುವಾಯಿತು. ಮೊದಲು 2024ರ ಹೊತ್ತಿಗೆ ದೂಳಿನ ಕಣ 20ರಿಂದ 30% ಇಳಿಸುವ ಗುರಿ. ಆಮೇಲೆ ಅದನ್ನು 2025–26ಕ್ಕೆ 40% ಅಂತ ಏರಿಸಿದರು. ಈಗ 130 ನಗರಗಳು ಇದರಲ್ಲಿವೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ನಗರ ಗುರಿ ಮುಟ್ಟಿತೇ ಎಂದು ನೋಡುವ ಅಳತೆ ಪಿಎಂ10. ಪಿಎಂ2.5 ಅಲ್ಲ.

ಪಿಎಂ10 ಅಂದರೆ ಸ್ವಲ್ಪ ದಪ್ಪ ಕಣಗಳೂ ಸೇರಿದ ಲೆಕ್ಕ. ರಸ್ತೆಯ ಮಣ್ಣು, ಕಟ್ಟಡ ಕೆಲಸದ ದೂಳು ಇದರಲ್ಲಿ ಜಾಸ್ತಿ. ವಾಹನ, ಕಾರ್ಖಾನೆ, ಕಲ್ಲಿದ್ದಲಿನ ಹೊಗೆಯಿಂದ ಬರುವ ಅಪಾಯಕಾರಿ ಸಣ್ಣ ಕಣ ತೂಕದಲ್ಲಿ ಹಗುರ. ಪಿಎಂ10ರಲ್ಲಿ ಅದರ ಪಾಲು ಮರೆಯಾಗುತ್ತದೆ. ಪಿಎಂ10 ಆರಿಸಿಕೊಂಡದ್ದಕ್ಕೆ ಕಾರಣವೂ ಇತ್ತು. 2019ರಲ್ಲಿ ಬಹಳ ಊರುಗಳಲ್ಲಿ ಪಿಎಂ2.5 ಅಳೆಯುವ ಯಂತ್ರವೇ ಇರಲಿಲ್ಲ.

ಈಗ ಪಾಲಿಕೆಯ ಕಮಿಷನರ್ ಜಾಗದಲ್ಲಿ ನಿಂತು ಯೋಚಿಸಿ. ಅಂಕ ಸಿಗೋದು ಪಿಎಂ10 ಇಳಿದರೆ. ಅದನ್ನು ಇಳಿಸಲು ಸುಲಭದ ದಾರಿ ರಸ್ತೆ ಗುಡಿಸುವ ಯಂತ್ರ ಕೊಳ್ಳುವುದು, ನೀರು ಚಿಮುಕಿಸುವುದು, ಫುಟ್‌ಪಾತಿಗೆ ಕಲ್ಲು ಹಾಸುವುದು. ಕಾರ್ಖಾನೆ, ವಿದ್ಯುತ್ ಸ್ಥಾವರ ಪಾಲಿಕೆಯ ಕೈಯಲ್ಲಿಲ್ಲ. ಬಸ್ಸು ಬೇರೆ ನಿಗಮದ್ದು. ಆಗಿದ್ದೂ ಹಾಗೇ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ ಈ ಕಾರ್ಯಕ್ರಮದ ಖರ್ಚಿನಲ್ಲಿ 64% ರಸ್ತೆ ದೂಳಿಗೇ ಹೋಗಿತ್ತು. ವಾಹನದ ಹೊಗೆಗೆ 13%ರಷ್ಟು. ಕೈಗಾರಿಕೆಗೆ 1%ಗಿಂತ ಕಡಿಮೆ. ಯಾರೂ ಕೆಟ್ಟವರಲ್ಲ, ಯಾರೂ ಸುಳ್ಳು ಹೇಳಿಲ್ಲ. ಅಳತೆ ಎತ್ತ ಕೈ ತೋರಿಸಿತೋ ದುಡ್ಡು ಅತ್ತ ಹೋಯಿತು.

ನಗರಗಳಿಗೆ ಸರ್ಕಾರವೇ ಕೊಡುವ 'ಸ್ವಚ್ಛ ವಾಯು ಸರ್ವೇಕ್ಷಣ' ರ‍್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ. 2025ರಲ್ಲಿ ದೊಡ್ಡ ನಗರಗಳಲ್ಲಿ ಇಂದೋರ್ ಮೊದಲ ಸ್ಥಾನ ಪಡೆಯಿತು. ಇಲ್ಲಿ ಹೆಚ್ಚಿನ ಅಂಕ ಇರುವುದು ನಗರ ಏನೇನು ಕ್ರಮ ಕೈಗೊಂಡಿತು ಎಂಬುದಕ್ಕೆ: ಕಸ ಸುಡುವುದನ್ನು ತಡೆದಿರಾ, ರಸ್ತೆ ಗುಡಿಸಿದಿರಾ, ಪ್ರಚಾರ ಮಾಡಿದಿರಾ. ಗಾಳಿಯಲ್ಲಿ ದೂಳು ನಿಜವಾಗಿ ಎಷ್ಟು ಇಳಿಯಿತು ಎಂಬುದಕ್ಕೆ ತೀರಾ ಸಣ್ಣ ಪಾಲು. ಪ್ರಯತ್ನಕ್ಕೆ ಬಹುಮಾನ ಕೊಡುವುದರಲ್ಲಿ ತಪ್ಪಿಲ್ಲ. ಆದರೆ 'ಶುದ್ಧ ಗಾಳಿಯಲ್ಲಿ ನಂಬರ್ ಒನ್' ಅಂತ ಫ್ಲೆಕ್ಸ್ ಹಾಕಿದಾಗ ಓದುವವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಕೊಳವೆಯ ಬಾಯಿ, ಊರಿನ ಗಾಳಿ

ಅಳತೆಯ ಜಾಗ ಬದಲಾದರೆ ನೀತಿಯೂ ಬದಲಾಗುತ್ತದೆ ಎಂಬುದಕ್ಕೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳೇ ಸಾಕ್ಷಿ. ಅವುಗಳ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಹಿಡಿಯುವ ಯಂತ್ರ ಹಾಕಬೇಕು ಎಂಬ ನಿಯಮ 2015ರ ಡಿಸೆಂಬರ್‌ನಲ್ಲಿ ಬಂತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಸುಮಾರು 78% ಘಟಕಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ದೊಡ್ಡ ನಗರ ಅಥವಾ ದೆಹಲಿ ವಲಯದ 10 ಕಿ.ಮೀ. ಒಳಗಿರುವವು ಮಾತ್ರ ಹಾಕಲೇಬೇಕು.

ಸರ್ಕಾರ ಕೊಟ್ಟ ಕಾರಣ: ಸ್ಥಾವರಗಳ ಸುತ್ತ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಅಳೆದರೆ ಮಿತಿಯೊಳಗೇ ಇದೆ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಯಂತ್ರ ದುಬಾರಿ, ಕರೆಂಟ್ ಬಿಲ್ ಏರುತ್ತದೆ. ಇದಕ್ಕೆ ವಿರೋಧಿಗಳ ಉತ್ತರ: ಆ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಎತ್ತರದ ಚಿಮಣಿಯಿಂದ ಹೊರಟು, ನೂರಾರು ಕಿ.ಮೀ. ಸಾಗುವಷ್ಟರಲ್ಲಿ ಸಲ್ಫೇಟ್ ಕಣವಾಗಿ ಬದಲಾಗುತ್ತದೆ. ಅಂದರೆ ಪಿಎಂ2.5 ಆಗುತ್ತದೆ. ಸ್ಥಾವರದ ಗೇಟಿನ ಹತ್ತಿರ ಅನಿಲ ಅಳೆದರೆ ಎಲ್ಲ ಸರಿಯಾಗಿ ಕಾಣುತ್ತದೆ. ಇನ್ನೊಂದು ಜಿಲ್ಲೆಯಲ್ಲಿ ಕಣ ಅಳೆದರೆ ಅದು ಯಾವ ಚಿಮಣಿಯದು ಅಂತ ಯಂತ್ರ ಹೇಳುವುದಿಲ್ಲ. ರಾಯಚೂರು, ಬಳ್ಳಾರಿಯ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ.

ಎರಡೂ ಕಡೆಯವರ ಅಂಕಿ ಸರಿ. ಆದರೆ ಇಲ್ಲಿ ವಿರೋಧಿಗಳ ವಾದ ಹೆಚ್ಚು ಗಟ್ಟಿ. ರಸಾಯನ ಕ್ರಿಯೆ 10 ಕಿ.ಮೀ.ಗೆ ನಿಲ್ಲುವುದಿಲ್ಲವಲ್ಲ.

ಕಾಡು, ನೀರು: ಅದೇ ರೋಗ

ಗಾಳಿಯ ಆಚೆಗೂ ಇದೇ ಕಥೆ, ಚಿಕ್ಕದಾಗಿ ಹೇಳಿದರೆ ಸಾಕು. 2023ರ ಭಾರತ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದ 25.17% ಭಾಗ ಕಾಡು ಮತ್ತು ಮರಗಳಿಂದ ಕೂಡಿದೆ. ಎರಡು ವರ್ಷದಲ್ಲಿ 1,445 ಚದರ ಕಿ.ಮೀ. ಹೆಚ್ಚಳ. ಇನ್ನೊಂದು ಕಡೆ ಉಪಗ್ರಹ ಚಿತ್ರಗಳಿಂದ ಕಾಡನ್ನು ಗಮನಿಸುವ ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಸಂಸ್ಥೆ, 2000ದಿಂದ 2023ರ ತನಕ ಭಾರತ 23.3 ಲಕ್ಷ ಹೆಕ್ಟೇರ್ ಮರದ ಹೊದಿಕೆ ಕಳೆದುಕೊಂಡಿದೆ ಅನ್ನುತ್ತದೆ. ನಮ್ಮ ವರದಿಯಲ್ಲಿ ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ 10% ಮರದ ನೆರಳಿದ್ದರೆ ಅದು ಕಾಡು. ಜಮೀನು ಯಾರದ್ದು, ಮರ ಯಾವುದು ಎಂಬ ಪ್ರಶ್ನೆ ಇಲ್ಲ. ಕೊಡಗಿನ ಕಾಫಿ ತೋಟ, ನೀಲಗಿರಿ ತೋಪು ಎಲ್ಲವೂ ಒಳಗೆ. ಇನ್ನೊಂದು ಸಂಸ್ಥೆಯ ಈ ಅಂಕಿ ಕಳೆದುಹೋದ ಮರಗಳನ್ನು ಮಾತ್ರ ಎಣಿಸುತ್ತದೆ, ಬೆಳೆದದ್ದನ್ನು ಅದರಿಂದ ಕಳೆಯುವುದಿಲ್ಲ. ಉಪಯೋಗಕ್ಕೆ ಬರುವ ಸಂಖ್ಯೆ ಅದೇ ಸರ್ಕಾರಿ ವರದಿಯ ಒಳಗಡೆ ಇದೆ: ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷದಲ್ಲಿ 58.22 ಚದರ ಕಿ.ಮೀ. ಕಾಡು ಕಡಿಮೆಯಾಗಿದೆ. ಅದು ಮುಖಪುಟದ ಸುದ್ದಿಯಾಗಲಿಲ್ಲ.

ನೀರಿನಲ್ಲಿ ಕಟ್ಟಿದ್ದು ಬೇರೆ, ಕೆಲಸ ಮಾಡುವುದು ಬೇರೆ. ಕೇಂದ್ರೀಯ ಮಂಡಳಿಯ 2021ರ ಲೆಕ್ಕದಂತೆ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತದೆ. ಶುದ್ಧೀಕರಿಸುವ ಘಟಕಗಳ ಒಟ್ಟು ಶಕ್ತಿ 31,841. ನಿಜಕ್ಕೂ ಶುದ್ಧವಾದದ್ದು 20,236, ಅಂದರೆ 28%. ಘಟಕ ಉದ್ಘಾಟನೆಯ ಲೆಕ್ಕ ಇಟ್ಟರೆ ಸಾಧನೆ. ಹೊರಬಂದ ನೀರಿನ ಲೆಕ್ಕ ಇಟ್ಟರೆ ಬೆಳ್ಳಂದೂರಿನ ನೊರೆ ಯಾಕೆ ಬಂತು ಅಂತ ಅರ್ಥವಾಗುತ್ತದೆ.

ಸತ್ತವರೆಷ್ಟು?

ಎಲ್ಲಕ್ಕಿಂತ ಬಿಸಿಯಾದ ಜಗಳ ಇದು. ಬರೀ ವಾಯುಮಾಲಿನ್ಯದಿಂದಲೇ ಸಾವು ಸಂಭವಿಸಿದೆ ಎಂದು ನೇರ ಸಂಬಂಧ ತೋರಿಸುವ ನಿರ್ಣಾಯಕ ಮಾಹಿತಿ ಇಲ್ಲ ಅಂತ ಸರ್ಕಾರ ಸಂಸತ್ತಿನಲ್ಲಿ ಹಲವು ಸಲ ಹೇಳಿದೆ. ಅಂತರರಾಷ್ಟ್ರೀಯ ವರದಿಗಳು ವರ್ಷಕ್ಕೆ 15 ಲಕ್ಷ, 16.7 ಲಕ್ಷ, 21 ಲಕ್ಷ ಅನ್ನುತ್ತವೆ.

ಮರಣ ಪ್ರಮಾಣಪತ್ರದಲ್ಲಿ 'ಹೊಗೆ' ಅಂತ ಬರೆಯುವ ವೈದ್ಯರಿಲ್ಲ. ಹೃದಯಾಘಾತ, ಲಕ್ವ, ನ್ಯುಮೋನಿಯಾ ಅಂತ ಬರೆಯುತ್ತಾರೆ. ತಜ್ಞರು ಮಾಡುವುದು ಬೇರೆ ಲೆಕ್ಕ: ಗಾಳಿ ಒಂದು ಮಟ್ಟಕ್ಕೆ ಇಳಿದಿದ್ದರೆ ಈ ಕಾಯಿಲೆಗಳಿಂದ ಎಷ್ಟು ಸಾವು ಕಡಿಮೆಯಾಗುತ್ತಿತ್ತು? ಹಾಗಾಗಿ ಉತ್ತರ ಆ 'ಒಂದು ಮಟ್ಟ' ಯಾವುದು ಎಂಬುದರ ಮೇಲೆ ನಿಂತಿದೆ. ಒಲೆಯ ಹೊಗೆ ಸೇರಿಸಿದರೋ ಇಲ್ಲವೋ ಎಂಬುದರ ಮೇಲೂ. 2024ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ 2009ರಿಂದ 2019ರ ತನಕ ಭಾರತದ ಜಿಲ್ಲೆಗಳ ಮಾಹಿತಿಯನ್ನೇ ಬಳಸಿತು. ಭಾರತದ 40ರ ಗೆರೆ ಮೀರಿದ್ದರಿಂದ ಆದ ಸಾವು 38 ಲಕ್ಷ ಅಂತ ಅದರ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ 5ರ ಗೆರೆ ಹಿಡಿದರೆ 1.66 ಕೋಟಿ.

ಒಂದೇ ಅಧ್ಯಯನ, ಅದೇ ಜನ, ಅದೇ ಗಾಳಿ. 'ನಿರ್ಣಾಯಕ ಮಾಹಿತಿ ಇಲ್ಲ' ಎಂಬ ಮಾತು ಯಾವ ಒಬ್ಬ ವ್ಯಕ್ತಿಯ ಸಾವಿನ ಬಗ್ಗೆಯಾದರೂ ನಿಜ. ಇಡೀ ಜನಸಂಖ್ಯೆಯ ಬಗ್ಗೆ ಅದನ್ನೇ ಹೇಳಿದರೆ ತಂಬಾಕಿನ ಬಗ್ಗೆಯೂ ಹೇಳಬೇಕಾಗುತ್ತದೆ. ಅಲ್ಲಿ ಯಾರೂ ಹೇಳುತ್ತಿಲ್ಲ, ಪ್ಯಾಕೆಟ್ ಮೇಲೆ ಎಚ್ಚರಿಕೆ ಹಾಕುತ್ತಿದ್ದೇವೆ.

ಅಳತೆ ಬದಲಾದರೆ ಏನಾಗುತ್ತದೆ?

ಶುದ್ಧ ಗಾಳಿ ಕಾರ್ಯಕ್ರಮದ ಈ ಹಂತದ ಗಡುವು 2026ರ ಮಾರ್ಚ್. 2009ರ ಮಾನದಂಡ ಪರಿಷ್ಕರಿಸುವ ಮಾತು ವರ್ಷಗಳಿಂದ ನಡೆಯುತ್ತಿದೆ. ಇಪಿಐನಲ್ಲಿ ನಾವು ಎಷ್ಟನೆಯವರು ಎಂಬುದಕ್ಕಿಂತ ಈ ಎರಡು ನಿರ್ಧಾರಗಳ ಪರಿಣಾಮ ಬಹಳ ದೊಡ್ಡದು.

ಮುಂದಿನ ಹಂತದ ಅಳತೆ ಪಿಎಂ2.5 ಆಯಿತು ಅನ್ನಿ. ರಸ್ತೆ ಗುಡಿಸಿ ಅಂಕ ಪಡೆಯುವುದು ಕಷ್ಟವಾಗುತ್ತದೆ. ಬಸ್ಸು, ಹಳೆಯ ಡೀಸೆಲ್ ಲಾರಿ, ಜನರೇಟರ್, ಇಟ್ಟಿಗೆ ಗೂಡು, ಕಸದ ಬೆಂಕಿಗೆ ಕೈ ಹಾಕಲೇಬೇಕು. ಇವು ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ. ಹಾಗಾಗಿ ಪಾಲಿಕೆ ಒಂದಕ್ಕೇ ಹಣ ಕೊಟ್ಟು ಲೆಕ್ಕ ಕೇಳುವ ಈಗಿನ ವ್ಯವಸ್ಥೆ ಸಾಲುವುದಿಲ್ಲ. ಬರ್ನಿಹಾಟ್‌ನಂಥ ಕಡೆ ಎರಡು ರಾಜ್ಯಗಳು ಕೂತು ಮಾತಾಡಬೇಕಾಗುತ್ತದೆ. ರಾಜ್ಯಗಳ ಗಡಿ ದಾಟಿ ಆದೇಶ ಹೊರಡಿಸುವ ಆಯೋಗ ಈಗಿರುವುದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಮಾತ್ರ.

ಮಿತಿಯನ್ನೇ 40ರಿಂದ ಇಳಿಸಿದರೆ ಪರಿಣಾಮ ಇನ್ನೂ ತೀಕ್ಷ್ಣ. ಇವತ್ತು ಪಾಸಾಗಿರುವ ಹಲವು ಊರುಗಳು ಒಂದೇ ದಿನದಲ್ಲಿ ಫೇಲಾಗುತ್ತವೆ. 25ಕ್ಕೆ ಇಳಿಸಿದರೆ ಬೆಂಗಳೂರೂ ಆ ಪಟ್ಟಿಗೆ ಬರುತ್ತದೆ. ಅಂಥ ಊರಿನ ಸುತ್ತ ಹೊಸ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವಾಗ ಪ್ರಶ್ನೆಗಳು ಏಳುತ್ತವೆ. ಹಸಿರು ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವವರ ಕೈಗೆ ದೇಶದ್ದೇ ಮಿತಿ ಸಿಗುತ್ತದೆ, ಆಗ 'ವಿದೇಶಿ ಮಾರ್ಗಸೂಚಿ' ಎಂಬ ಉತ್ತರ ನಡೆಯುವುದಿಲ್ಲ. ಪರಿಷ್ಕರಣೆ ಯಾಕೆ ಇಷ್ಟು ನಿಧಾನ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡೂ ಬದಲಾಗದೆ ಉಳಿದರೆ ದಾವಣಗೆರೆ, ಕಲಬುರಗಿಯ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಏನಿರುತ್ತದೆ ಎಂದು ಈಗಲೇ ಹೇಳಬಹುದು: ಇನ್ನೆರಡು ಗುಡಿಸುವ ಯಂತ್ರ, ಒಂದು ನೀರು ಚಿಮ್ಮುವ ಲಾರಿ, ಸ್ವಲ್ಪ ಫುಟ್‌ಪಾತ್.